ಶಿಥಿಲವಾದ ದವಡೆ ಹಲ್ಲುಗಳಿಗೆ ಕಾಂಪೋಸಿಟ್ ತುಂಬಿಕೆ: ಒಂದು ವಿಮರ್ಶೆ

1

ಹುಳುಕು ತಿಂದು ಎರಡು ಮೂರು ಮಗ್ಗುಲುಗಳನ್ನು ಕಳೆದುಕೊಂಡ ದವಡೆ ಹಲ್ಲನ್ನು ಯಾವ ದ್ರವ್ಯದಿಂದ ಮತ್ತೆ ಕಟ್ಟಬೇಕೆಂಬ ಪ್ರಶ್ನೆ ದಂತವೈದ್ಯಶಾಸ್ತ್ರಕ್ಕೆ ಹೊಸದಲ್ಲ. ನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲ ಈ ಪ್ರಶ್ನೆಗೆ ಬಹುಮಟ್ಟಿಗೆ ದೊರೆಯುತ್ತಿದ್ದ ಉತ್ತರ ಒಂದೇ: ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಸರಿಸುಮಾರು ಅಷ್ಟೇ ತೂಕದ ಪಾದರಸದೊಡನೆ ಕಲಸಿ ಮಾಡಿದ ಅಮಾಲ್ಗಮ್. ಈಗ ಆ ಉತ್ತರ ಬದಲಾಗುತ್ತಿದೆ. ಹಲ್ಲಿನ ಬಣ್ಣವನ್ನೇ ಹೋಲುವ, ಹಲ್ಲಿಗೆ ಅಂಟಿಕೊಳ್ಳುವ, ನೀಲಿ ಬೆಳಕಿನಿಂದ ಗಟ್ಟಿಯಾಗುವ ಕಾಂಪೋಸಿಟ್ ರಾಳ ಆ ಸ್ಥಾನಕ್ಕೆ ಬಂದು ನಿಂತಿದೆ.

ಈ ಬದಲಾವಣೆಯನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಅಮಾಲ್ಗಮ್ ಮಾಡುತ್ತಿದ್ದ ಕೆಲಸವನ್ನೆಲ್ಲ ಕಾಂಪೋಸಿಟ್ ಮಾಡಬಲ್ಲುದು, ಇದನ್ನು ಒಪ್ಪದವರು ಹಳೆಯ ಅಭ್ಯಾಸಕ್ಕೆ ಜೋತುಬಿದ್ದವರು ಎಂಬುದು ಮೊದಲನೆಯದು. ಕಾಂಪೋಸಿಟ್ ಮುಂದಿನ ಹಲ್ಲುಗಳ ಅಂದಕ್ಕೆ ತಕ್ಕ ದ್ರವ್ಯ, ಹಿಂದಿನ ಹಲ್ಲಿನ ಭಾರಿ ಕುಳಿಯಲ್ಲಿ ಅದನ್ನು ನಂಬುವುದು ಅವಿವೇಕ ಎಂಬುದು ಎರಡನೆಯದು. ಎರಡು ಪಕ್ಷದವರೂ ಅಂಕಿ ಅಂಶಗಳನ್ನು ಮುಂದಿಡುತ್ತಾರೆ. ಎರಡು ಪಕ್ಷದ ಅಂಕಿ ಅಂಶಗಳೂ ಸುಳ್ಳಲ್ಲ. ಹೀಗಿರಲಾಗಿ ದೋಷ ಅಂಕಿಗಳಲ್ಲಿದೆಯೋ ಅವುಗಳಿಂದ ನಾವು ಕೇಳುತ್ತಿರುವ ಪ್ರಶ್ನೆಯಲ್ಲಿದೆಯೋ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುವುದು ಮೇಲು. ‘ಯಾವ ತುಂಬಿಕೆ ಹೆಚ್ಚು ಕಾಲ ಬಾಳುತ್ತದೆ?’ ಎಂಬ ಪ್ರಶ್ನೆ, ಬಹಳ ಹಾಳಾದ ದವಡೆ ಹಲ್ಲಿನ ವಿಷಯದಲ್ಲಿ, ಅಪೂರ್ಣವಾದ ಪ್ರಶ್ನೆ. ಯಾರ ಬಾಯಲ್ಲಿ, ಯಾವ ಅಂಚಿನ ಮೇಲೆ, ಎಷ್ಟು ಹೊತ್ತಿನ ಕೆಲಸದಿಂದ, ಮತ್ತು ತುಂಬಿಕೆ ಸೋತ ದಿನ ಹಲ್ಲಿನಲ್ಲಿ ಏನು ಉಳಿದಿರುತ್ತದೆ ಎಂಬ ನಾಲ್ಕು ಮಾತುಗಳನ್ನು ಸೇರಿಸಿದಲ್ಲದೆ ಅದಕ್ಕೆ ಉತ್ತರವಿಲ್ಲ.

2

ಅಮಾಲ್ಗಮ್ ಯುಗದ ಶಾಸ್ತ್ರವನ್ನು ಕ್ರಮಬದ್ಧವಾಗಿ ಕಟ್ಟಿಕೊಟ್ಟವರಲ್ಲಿ ಅಮೆರಿಕದ ಜಿ. ವಿ. ಬ್ಲ್ಯಾಕ್ (1836–1915) ಅಗ್ರಗಣ್ಯರು. 1908ರಲ್ಲಿ ಪ್ರಕಟವಾದ ಅವರ ಎರಡು ಸಂಪುಟಗಳ ಗ್ರಂಥ ಹಲವು ತಲೆಮಾರುಗಳ ದಂತವೈದ್ಯರಿಗೆ ಪಠ್ಯವಾಗಿತ್ತು. ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಆದುದರಿಂದ ಕುಳಿಯ ಬಾಯಿಗಿಂತ ತಳ ಅಗಲವಾಗಿರುವಂತೆ ಕೊರೆದು ತುಂಬಿಕೆಯನ್ನು ಸಿಕ್ಕಿಸಿ ನಿಲ್ಲಿಸಬೇಕು. ಲೋಹ ಮುರಿಯದಷ್ಟು ದಪ್ಪಕ್ಕೆ ಎಡೆ ಮಾಡಿಕೊಡಬೇಕು. ಹುಳುಕು ಮುಂದೆ ಹರಡಬಹುದಾದ ಸಂದುಗಳನ್ನೂ ಮೊದಲೇ ಕುಳಿಯೊಳಗೆ ಸೇರಿಸಿಕೊಳ್ಳಬೇಕು. ಈ ಕೊನೆಯ ನಿಯಮವೇ ‘ತಡೆಗಾಗಿ ವಿಸ್ತರಣೆ’ ಎಂಬ ಪ್ರಸಿದ್ಧ ಸೂತ್ರ. ಇಂದಿನವರು ಬ್ಲ್ಯಾಕರ ಕ್ರಮವನ್ನು ಕ್ರೂರವೆಂದು ಹಳಿಯುವುದುಂಟು. ಆದರೆ ಫ್ಲೋರೈಡಿನ ಬಳಕೆ ಹಬ್ಬುವುದಕ್ಕೆ ಮುಂಚಿನ ಕಾಲದ ಹುಳುಕಿಗೆ, ಅಂಟದ ದ್ರವ್ಯವೊಂದನ್ನು ಹಿಡಿದು ಮಾಡಿದ ಕ್ರಮವದು. ದ್ರವ್ಯದ ಸ್ವಭಾವದಿಂದ ನಿಯಮ ಹುಟ್ಟಿತೆಂಬುದನ್ನು ಮರೆತರೆ, ಹೊಸ ದ್ರವ್ಯಕ್ಕೆ ಹೊಸ ನಿಯಮ ಬೇಕೆಂಬುದನ್ನೂ ಮರೆಯುತ್ತೇವೆ.

ಆ ಕ್ರಮದ ಬೆಲೆಯನ್ನು ಹಲ್ಲು ತೆರಬೇಕಾಗುತ್ತಿತ್ತು. 1989ರಲ್ಲಿ ರೀಹ್, ಮೆಸ್ಸರ್, ಡಗ್ಲಸ್ ಎಂಬ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ ಯಾವ ಕೊರೆತದಿಂದ ಹಲ್ಲಿನ ಬಿಗಿತ ಎಷ್ಟು ಕುಗ್ಗುತ್ತದೆಂದು ಅಳೆದರು. ಬೇರುನಾಳ ಚಿಕಿತ್ಸೆಗಾಗಿ ತೆರೆದ ದಾರಿಯಿಂದ ಕುಗ್ಗಿದ್ದು ಸುಮಾರು ಶೇಕಡ 5. ಅಗಿಯುವ ಮೇಲ್ಮೈಯಲ್ಲಿ ಮಾತ್ರ ಕೊರೆದ ಕುಳಿಯಿಂದ ಶೇಕಡ 20. ಮುಂದಿನ ಮಗ್ಗುಲು, ಅಗಿಯುವ ಮೇಲ್ಮೈ, ಹಿಂದಿನ ಮಗ್ಗುಲು ಮೂರನ್ನೂ ಕೂಡಿಸಿ ಕೊರೆದ ಕುಳಿಯಿಂದ ಶೇಕಡ 63. ಬೇರುನಾಳ ಚಿಕಿತ್ಸೆಯಿಂದಲೇ ಹಲ್ಲು ‘ಒಣಗಿ’ ಮುರಿಯುತ್ತದೆಂಬ ಜನರ ನಂಬಿಕೆ ಎಷ್ಟು ತಪ್ಪೆಂಬುದು ಇದರಿಂದ ತಿಳಿಯುತ್ತದೆ. ಹಲ್ಲನ್ನು ಹೆಚ್ಚಾಗಿ ದುರ್ಬಲಗೊಳಿಸುವುದು ಎರಡು ಮಗ್ಗುಲುಗಳ ದಿಂಡುಗಳನ್ನು ಕಳೆದುಕೊಂಡ ಸ್ಥಿತಿ. ಈ ಲೇಖನದಲ್ಲಿ ‘ಬಹಳ ಹಾಳಾದ ಹಲ್ಲು’ ಎಂದು ನಾವು ಕರೆಯುವುದು ಇಂಥದನ್ನೇ: ಮೂರು ಅಥವಾ ಹೆಚ್ಚು ಮುಖಗಳು ಹೋಗಿ, ಒಂದೆರಡು ದಿಬ್ಬಗಳು ಆಸರೆಯಿಲ್ಲದೆ ನಿಂತಿರುವ ಹಲ್ಲು.

3

ಅಂಟುವ ದ್ರವ್ಯದ ಕಥೆ 1955ರಲ್ಲಿ ಆರಂಭವಾಯಿತೆನ್ನಬಹುದು. ಆ ವರ್ಷ ಮೈಕೇಲ್ ಬ್ಯೂನೊಕೋರ್ ಅವರು ಎನಾಮೆಲ್ಲಿನ, ಎಂದರೆ ಹಲ್ಲಿನ ಹೊರಕವಚದ, ಮೇಲೆ ಶೇಕಡ 85ರ ಫಾಸ್ಫರಿಕ್ ಆಮ್ಲವನ್ನು 30 ಸೆಕೆಂಡು ಹಚ್ಚಿ ತೊಳೆದರೆ ಅಕ್ರಿಲಿಕ್ ರಾಳ ಅಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆಂದು ತೋರಿಸಿದರು. ಆಮ್ಲ ಎನಾಮೆಲ್ಲಿನ ನುಣುಪನ್ನು ಕೆಡಿಸಿ ಅಸಂಖ್ಯ ಸೂಕ್ಷ್ಮ ಗುಳಿಗಳನ್ನು ಮಾಡುತ್ತದೆ. ರಾಳ ಅವುಗಳೊಳಕ್ಕಿಳಿದು ಗಟ್ಟಿಯಾಗಿ ಬೇರೂರುತ್ತದೆ. ಆ ಬಳಿಕ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಾಫೆಲ್ ಬೋವೆನ್ ಹೊಸ ಬಗೆಯ ರಾಳವೊಂದನ್ನು ಸಿದ್ಧಪಡಿಸಿ, ಅದರಲ್ಲಿ ಸಿಲಿಕದ ಕಣಗಳನ್ನು ರಾಸಾಯನಿಕವಾಗಿ ಬಂಧಿಸಿ, 1962ರಲ್ಲಿ ಅದರ ಹಕ್ಕುಪತ್ರ ಪಡೆದರು. ರಾಳವೂ ಖನಿಜ ಕಣವೂ ಕೂಡಿದ ದ್ರವ್ಯವಾದುದರಿಂದಲೇ ಇದು ‘ಕಾಂಪೋಸಿಟ್’.

ಎನಾಮೆಲ್ಲಿಗೆ ಅಂಟುವುದು ಸುಲಭ. ಅದರ ತೂಕದಲ್ಲಿ ಶೇಕಡ 96ರಷ್ಟು ಖನಿಜ. ಒಳಗಿನ ಡೆಂಟೀನ್ ಹಾಗಲ್ಲ. ಅದರಲ್ಲಿ ನಾರಿನಂಥ ಕೊಲ್ಯಾಜೆನ್ ಇದೆ, ನೀರಿದೆ, ತಿರುಳಿನಿಂದ ಹೊರಮುಖವಾಗಿ ಹೊರಟ ಅಸಂಖ್ಯ ಸೂಕ್ಷ್ಮ ನಾಳಗಳಿವೆ. 1970ರ ದಶಕದ ಕೊನೆಯಲ್ಲಿ ಜಪಾನಿನ ಟಕಾವೊ ಫುಸಾಯಾಮಾ ಡೆಂಟೀನಿಗೂ ಆಮ್ಲ ಹಚ್ಚುವ ಧೈರ್ಯ ಮಾಡಿದರು. 1982ರಲ್ಲಿ ನೊಬುವೊ ನಕಬಯಾಶಿ ಮತ್ತು ಸಂಗಡಿಗರು, ಆಮ್ಲದಿಂದ ಖನಿಜ ಕಳೆದುಕೊಂಡ ಕೊಲ್ಯಾಜೆನ್ ಜಾಲದೊಳಕ್ಕೆ ರಾಳ ಇಂಗಿ ಹಲ್ಲೂ ಅಲ್ಲದ ರಾಳವೂ ಅಲ್ಲದ ಒಂದು ಮಿಶ್ರಪದರ ಉಂಟಾಗುತ್ತದೆಂದು ವಿವರಿಸಿದರು. ಇಂದಿನ ಅಂಟುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪದರವನ್ನೇ ಆಶ್ರಯಿಸಿವೆ.

ಆದರೆ ಆ ಪದರ ಚಿರಸ್ಥಾಯಿಯಲ್ಲ. ರಾಳ ಪೂರ್ತಿ ಇಂಗದೆ ಬರಿದಾಗಿ ಉಳಿದ ಕೊಲ್ಯಾಜೆನ್ ಎಳೆಗಳನ್ನು ಡೆಂಟೀನಿನಲ್ಲೇ ಇರುವ ಕಿಣ್ವಗಳು ಕಾಲಕ್ರಮದಲ್ಲಿ ಕರಗಿಸುತ್ತವೆಂಬುದನ್ನು ಪ್ಯಾಶ್ಲಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ನೀರೂ ಮೆಲ್ಲಗೆ ರಾಳದೊಳಕ್ಕೆ ಇಳಿಯುತ್ತದೆ. ಆದುದರಿಂದ ಎನಾಮೆಲ್ಲಿನ ಅಂಚಿಗೂ ಡೆಂಟೀನಿನ ಅಂಚಿಗೂ ಇರುವ ಭೇದ ಕೇವಲ ಬಲದ ಭೇದವಲ್ಲ, ಆಯುಷ್ಯದ ಭೇದ. ಬಹಳ ಹಾಳಾದ ದವಡೆ ಹಲ್ಲಿನಲ್ಲಿ ಹುಳುಕು ಮಗ್ಗುಲಿನಿಂದ ಕೆಳಗಿಳಿದು ವಸಡಿನ ಮರೆಗೆ ಹೋಗಿರುತ್ತದೆ. ಅಲ್ಲಿ ಎನಾಮೆಲ್ ಇರುವುದೇ ಇಲ್ಲ, ಇದ್ದರೂ ಕೂದಲೆಳೆಯಷ್ಟು. ಎಲ್ಲಿ ಬೆಸುಗೆ ಅತಿ ದುರ್ಬಲವೋ, ಎಲ್ಲಿ ಜೊಲ್ಲು ರಕ್ತಗಳನ್ನು ತಡೆಯುವುದು ಅತಿ ಕಷ್ಟವೋ, ಎಲ್ಲಿ ಬೆಳಕಿನ ಕೋಲು ಅತಿ ದೂರ ಉಳಿಯುತ್ತದೆಯೋ, ಎಲ್ಲಿಗೆ ರೋಗಿಯ ಬ್ರಷ್ಷು ತಲುಪುವುದಿಲ್ಲವೋ, ಆ ನಾಲ್ಕೂ ಒಂದೇ ಜಾಗ. ಕಾಂಪೋಸಿಟ್ಟಿನ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ವಸಡಿನ ಬಳಿಯ ಈ ಅಂಚಿನ ಮೇಲೆ.

ಎರಡನೆಯ ತೊಡಕು ಕುಗ್ಗುವಿಕೆ. ಗಟ್ಟಿಯಾಗುವಾಗ ಕಾಂಪೋಸಿಟ್ಟಿನ ಗಾತ್ರ ಸಾಮಾನ್ಯವಾಗಿ ಶೇಕಡ 2ರಿಂದ 3ರಷ್ಟು ಕುಗ್ಗುತ್ತದೆ. ಕುಗ್ಗುವ ದ್ರವ್ಯ ಎಷ್ಟು ಗೋಡೆಗಳಿಗೆ ಅಂಟಿಕೊಂಡಿದೆ, ಎಷ್ಟು ಮುಖ ಬಿಡುವಾಗಿದೆ ಎಂಬುದರ ಮೇಲೆ ಒಳಗಿನ ಸೆಳೆತ ನಿಂತಿದೆಯೆಂದು ಫೈಲ್ಜರ್, ಡಿ ಗೀ, ಡೇವಿಡ್ಸನ್ 1987ರಲ್ಲಿ ಪ್ರತಿಪಾದಿಸಿದರು. ನಾಲ್ಕು ಗೋಡೆ ಒಂದು ತಳವುಳ್ಳ ಪೆಟ್ಟಿಗೆಯಂಥ ಕುಳಿಯಲ್ಲಿ ಅಂಟಿದ ಮುಖ ಐದು, ಬಿಡುವಾದ ಮುಖ ಒಂದು; ಅಲ್ಲಿ ಸೆಳೆತ ಹೆಚ್ಚು. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಗೋಡೆಗಳನ್ನು ಕಳೆದುಕೊಂಡ ಹಲ್ಲಿನಲ್ಲಿ ಬಿಡುವಾದ ಮುಖಗಳು ಹೆಚ್ಚಾದುದರಿಂದ ಈ ಲೆಕ್ಕದ ಪ್ರಕಾರ ಸೆಳೆತ ಕಡಿಮೆಯಾಗಬೇಕು. ಲೆಕ್ಕ ಸರಿಯೇ, ಆದರೆ ಅಂಥ ಹಲ್ಲಿನಲ್ಲಿ ಉಳಿದ ದಿಬ್ಬಗಳು ತೆಳುವಾಗಿ ಆಸರೆಯಿಲ್ಲದಿರುವುದರಿಂದ ಕಡಿಮೆ ಸೆಳೆತಕ್ಕೂ ಅವು ಒಳಕ್ಕೆ ಬಾಗುತ್ತವೆ. ಒಂದೇ ಸಂಖ್ಯೆಯನ್ನು ಹಿಡಿದು ಹಲ್ಲಿನ ಭವಿಷ್ಯ ಹೇಳುವುದು ಹೇಗೆ ದಾರಿ ತಪ್ಪಿಸುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಈ ಕಾರಣದಿಂದಲೇ ಕಾಂಪೋಸಿಟ್ಟನ್ನು 2 ಮಿಲಿಮೀಟರಿಗೆ ಮೀರದ ಪದರಗಳಾಗಿ ಇಟ್ಟು, ಒಂದೊಂದನ್ನೂ ಬೆಳಕಿನಿಂದ ಗಟ್ಟಿಮಾಡುತ್ತ ಕಟ್ಟುವ ಕ್ರಮ ಬಂದಿತು. ಇತ್ತೀಚೆಗೆ 4 ಮಿಲಿಮೀಟರ್ ದಪ್ಪವನ್ನು ಒಮ್ಮೆಗೇ ಗಟ್ಟಿಮಾಡಬಹುದಾದ ಬಗೆಗಳೂ, ಗಾಜಿನ ಚಿಕ್ಕ ಎಳೆಗಳನ್ನು ಬೆರೆಸಿ ಬಿರುಕು ಹರಿಯದಂತೆ ಮಾಡಿದ ಬಗೆಗಳೂ ಬಂದಿವೆ. ಇವು ಕೆಲಸವನ್ನು ಹಗುರಗೊಳಿಸಿವೆಯೆಂಬುದು ನಿಜ. ಆದರೆ ವಸಡಿನ ಬಳಿಯ ಅಂಚನ್ನು ಒಣಗಿಸಿಕೊಡುವ ಶಕ್ತಿ ಇವಾವುದಕ್ಕೂ ಇಲ್ಲ.

4

ಇನ್ನು ಸಾಕ್ಷ್ಯಕ್ಕೆ ಬರೋಣ. ಕಾಂಪೋಸಿಟ್ಟಿಗೆ ವಿರುದ್ಧವಾಗಿ ಹೆಚ್ಚಾಗಿ ಉದ್ಧರಿಸಲ್ಪಡುವುದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ನಡೆದು 2007ರಲ್ಲಿ ಬರ್ನಾರ್ಡೊ ಮತ್ತು ಸಂಗಡಿಗರಿಂದ ವರದಿಯಾದ ಪ್ರಯೋಗ. 8ರಿಂದ 12 ವರ್ಷದ 472 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿಸಿ, ಹಿಂದಿನ ಹಲ್ಲುಗಳಲ್ಲಿ 1,748 ತುಂಬಿಕೆಗಳನ್ನಿಟ್ಟು, ಏಳು ವರ್ಷದವರೆಗೆ ನೋಡಲಾಯಿತು. ಉಳಿದ ಅಮಾಲ್ಗಮ್ ಶೇಕಡ 94.4, ಉಳಿದ ಕಾಂಪೋಸಿಟ್ ಶೇಕಡ 85.5. ತುಂಬಿಕೆಯ ಅಂಚಿನಲ್ಲಿ ಮತ್ತೆ ಹುಳುಕು ಹತ್ತುವ ಸಂಭವ ಕಾಂಪೋಸಿಟ್ ಗುಂಪಿನಲ್ಲಿ ಮೂರೂವರೆ ಪಟ್ಟು. ನಮ್ಮ ವಿಷಯಕ್ಕೆ ಮುಖ್ಯವಾದುದು ಆ ವರದಿಯ ಇನ್ನೊಂದು ಮಾತು: ದೊಡ್ಡ ತುಂಬಿಕೆಗಳಲ್ಲಿ, ಮೂರಕ್ಕಿಂತ ಹೆಚ್ಚು ಮುಖಗಳನ್ನು ಒಳಗೊಂಡವುಗಳಲ್ಲಿ, ಈ ಅಂತರ ಇನ್ನೂ ಎದ್ದುಕಂಡಿತು.

ಅದೇ ವರ್ಷ ವರದಿಯಾದ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಯೋಗದಲ್ಲಿ 534 ಮಕ್ಕಳಿದ್ದರು. ಅವರ ಶಾಶ್ವತ ಹಲ್ಲುಗಳಲ್ಲಿ ಐದು ವರ್ಷಗಳೊಳಗೆ ಬದಲಾಯಿಸಬೇಕಾಗಿ ಬಂದ ಕಾಂಪೋಸಿಟ್ ಶೇಕಡ 14.9, ಅಮಾಲ್ಗಮ್ ಶೇಕಡ 10.8. ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲ. ದುರಸ್ತಿ ಬೇಕಾದವು ಮಾತ್ರ ಕಾಂಪೋಸಿಟ್ ಗುಂಪಿನಲ್ಲಿ ಏಳು ಪಟ್ಟು ಹೆಚ್ಚು. ಕಾಕ್ರೇನ್ ಸಂಸ್ಥೆಯ 2021ರ ಸಮೀಕ್ಷೆ ಮುಖ್ಯವಾಗಿ ಈ ಎರಡು ಪ್ರಯೋಗಗಳನ್ನೇ ಒಟ್ಟುಗೂಡಿಸಿ, ಕಾಂಪೋಸಿಟ್ ಸೋಲುವ ಸಂಭವ ಅಮಾಲ್ಗಮ್ಮಿಗಿಂತ ಸುಮಾರು ಇಮ್ಮಡಿಯೆಂದು ಗುಣಿಸಿತು.

ಇದಕ್ಕೆ ಪ್ರತಿಯಾಗಿ ಕಾಂಪೋಸಿಟ್ ಪಕ್ಷದವರು ಮುಂದಿಡುವುದು 2010ರಲ್ಲಿ ಆಪ್ಡಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ನೆದರ್ಲೆಂಡಿನ ಸಾಮಾನ್ಯ ದಂತಚಿಕಿತ್ಸಾಲಯವೊಂದಕ್ಕೆ ತಪ್ಪದೆ ತಪಾಸಣೆಗೆ ಬರುತ್ತಿದ್ದವರ 1,949 ದೊಡ್ಡ ತುಂಬಿಕೆಗಳನ್ನು, ಎಂದರೆ 1,202 ಅಮಾಲ್ಗಮ್ ಹಾಗೂ 747 ಕಾಂಪೋಸಿಟ್ಟುಗಳನ್ನು, ದಾಖಲೆಗಳಿಂದ ಹಿಂದಿರುಗಿ ನೋಡಲಾಯಿತು. ಹನ್ನೆರಡು ವರ್ಷಗಳ ಲೆಕ್ಕದಲ್ಲಿ ಒಟ್ಟಾರೆ ಕಾಂಪೋಸಿಟ್ಟೇ ಹೆಚ್ಚು ಬಾಳಿತು. ಹುಳುಕಿನ ಅಪಾಯ ಕಡಿಮೆಯಿದ್ದವರಲ್ಲಿ ವಿಶೇಷವಾಗಿ. ಆದರೆ ಹುಳುಕಿನ ಅಪಾಯ ಹೆಚ್ಚಿದ್ದವರಲ್ಲಿ, ಮೂರು ಮುಖದ ತುಂಬಿಕೆಗಳ ಮಟ್ಟಿಗೆ, ಅಮಾಲ್ಗಮ್ ಮೇಲಾಯಿತು. ಬ್ರೆಜಿಲಿನಿಂದ 2011ರಲ್ಲಿ ವರದಿಯಾದ, 22 ವರ್ಷಗಳ ಅವಧಿಯ ಇನ್ನೊಂದು ಅಧ್ಯಯನದಲ್ಲಿ ಕಾಂಪೋಸಿಟ್ಟಿನ ವಾರ್ಷಿಕ ಸೋಲು ದ್ರವ್ಯದ ಬಗೆಗೆ ತಕ್ಕಂತೆ ಶೇಕಡ 1.5 ಮತ್ತು 2.2 ಮಾತ್ರ. 2014ರಲ್ಲಿ ಆಪ್ಡಾಮ್ ಮತ್ತು ಸಂಗಡಿಗರು ಹನ್ನೆರಡು ಅಧ್ಯಯನಗಳ ಮೂಲ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಹತ್ತು ವರ್ಷಗಳ ಅವಧಿಯಲ್ಲಿ ವಾರ್ಷಿಕ ಸೋಲು ಶೇಕಡ 2.4 ಎಂದು ಬಂದಿತು. ಈ ಸರಾಸರಿಯನ್ನು ಒಡೆದು ನೋಡಿದರೆ ಹುಳುಕಿನ ಅಪಾಯ ಕಡಿಮೆಯಿದ್ದವರಲ್ಲಿ ಅದು ಶೇಕಡ 1.6, ಹೆಚ್ಚಿದ್ದವರಲ್ಲಿ ಶೇಕಡ 4.6. ತುಂಬಿಕೆಗೆ ಸೇರಿದ ಒಂದೊಂದು ಹೆಚ್ಚಿನ ಮುಖವೂ ಸೋಲಿನ ಅಪಾಯವನ್ನು ಶೇಕಡ 30ರಿಂದ 40ರಷ್ಟು ಏರಿಸಿತ್ತು.

5

ಮೇಲಿನ ಸಾಕ್ಷ್ಯಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ವಾಸ್ತವವಾಗಿ ವಿರುದ್ಧವಲ್ಲವೆಂಬುದು ನಮ್ಮ ಅಭಿಪ್ರಾಯ. ಅವು ಬೇರೆ ಬೇರೆ ಬಾಯಿಗಳನ್ನು ಕುರಿತು ಮಾತನಾಡುತ್ತಿವೆ.

ಲಿಸ್ಬನ್ ಮತ್ತು ನ್ಯೂ ಇಂಗ್ಲೆಂಡ್ ಪ್ರಯೋಗಗಳು ಮೂಲತಃ ನಡೆದದ್ದು ತುಂಬಿಕೆಗಳ ಬಾಳಿಕೆಯನ್ನು ಅಳೆಯುವುದಕ್ಕಲ್ಲ. ಅಮಾಲ್ಗಮ್ಮಿನ ಪಾದರಸದಿಂದ ಮಕ್ಕಳ ನರಮಂಡಲಕ್ಕೆ ಹಾನಿಯಿದೆಯೇ ಎಂಬುದನ್ನು ತಿಳಿಯುವುದಕ್ಕೆ. 2006ರಲ್ಲಿ ಎರಡೂ ಪ್ರಯೋಗಗಳು ಅಂಥ ಹಾನಿ ಕಂಡುಬರಲಿಲ್ಲವೆಂದು ವರದಿ ಮಾಡಿದುವು. ಆಯ್ಕೆಯಾದವರು ಆಗಲೇ ಹುಳುಕಿದ್ದ ಮಕ್ಕಳು, ಎಂದರೆ ಹುಳುಕಿನ ಅಪಾಯ ಹೆಚ್ಚಿರುವವರು. ಅವರ ಹಲ್ಲುಗಳು ಹೊಸದಾಗಿ ಮೂಡಿದುವು. ಅವರು ಬಾಯಿ ತೆರೆದು ಕುಳಿತಿರಬಲ್ಲ ಹೊತ್ತೂ ಕಡಿಮೆ. ನೆದರ್ಲೆಂಡಿನವರು ತಪ್ಪದೆ ತಪಾಸಣೆಗೆ ಬರುತ್ತಿದ್ದವರು. ಒಂದನ್ನು ಇನ್ನೊಂದರ ಖಂಡನೆಯಾಗಿ ಬಳಸುವುದು ನ್ಯಾಯವಲ್ಲ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಒಂದೇ ಅರ್ಥ ಹೊರಡುತ್ತದೆ: ಹುಳುಕು ಹತೋಟಿಯಲ್ಲಿರುವ ಬಾಯಲ್ಲಿ ಕಾಂಪೋಸಿಟ್ ಅಮಾಲ್ಗಮ್ಮಿಗೆ ಸಮ, ಕೆಲವೊಮ್ಮೆ ಮಿಗಿಲು, ಹುಳುಕು ಹತೋಟಿ ತಪ್ಪಿದ ಬಾಯಲ್ಲಿ ಅದು ಕೀಳು, ಕುಳಿ ದೊಡ್ಡದಾದಷ್ಟೂ ಕೀಳು.

ಆದರೆ ಯಾರಿಗೆ ಮೂರು ನಾಲ್ಕು ಮುಖ ಹೋದ ಹಲ್ಲುಗಳು ಹೆಚ್ಚಾಗಿರುತ್ತವೆ? ಹುಳುಕು ಹತೋಟಿ ತಪ್ಪಿದವರಿಗೇ. ಕಾಂಪೋಸಿಟ್ಟಿನ ಅತ್ಯುತ್ತಮ ಅಂಕಿಗಳು ಹೊರಟಿರುವುದು ಅಂಥ ಹಲ್ಲುಗಳು ವಿರಳವಾಗಿರುವ ಜನರಿಂದ. ಅದರ ಅಗತ್ಯ ಹೆಚ್ಚಾಗಿರುವುದು ಅಂಥ ಹಲ್ಲುಗಳು ಸಾಮಾನ್ಯವಾಗಿರುವ ಜನರಿಗೆ. ಈ ಅಂತರವನ್ನು ಮುಚ್ಚಿಟ್ಟು ಸರಾಸರಿಯನ್ನು ಮಾತ್ರ ಹೇಳುವುದು ವಿದ್ಯಾರ್ಥಿಗೆ ಮಾಡುವ ಅಪಚಾರವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಕಡೆ, ಅಮಾಲ್ಗಮ್ ಪಕ್ಷದವರ ವಾದದಲ್ಲಿಯೂ ಅಷ್ಟೇ ದೊಡ್ಡ ಲೋಪವಿದೆ. ಅವರು ತುಂಬಿಕೆಯ ಸೋಲನ್ನು ಎಣಿಸುತ್ತಾರೆಯೇ ಹೊರತು ಸೋಲಿನ ಬಗೆಯನ್ನು ಎಣಿಸುವುದಿಲ್ಲ. ನೆದರ್ಲೆಂಡಿನ ಅಧ್ಯಯನದಲ್ಲಿ ಅಮಾಲ್ಗಮ್ ಸೋತದ್ದು ಹೆಚ್ಚಾಗಿ ಮುರಿತದಿಂದ, ಕಾಂಪೋಸಿಟ್ ಸೋತದ್ದು ಹೆಚ್ಚಾಗಿ ಅಂಚಿನ ಹುಳುಕಿನಿಂದ. ಅಂಟದ ಲೋಹ ದಿಬ್ಬಗಳನ್ನು ಹಿಡಿದಿಡುವುದಿಲ್ಲ. ವರ್ಷಗಟ್ಟಲೆ ಅಗಿದಮೇಲೆ ಒಂದು ದಿನ ದಿಬ್ಬ ಸೀಳಿದಾಗ ಬಿರುಕು ವಸಡಿನ ಕೆಳಗೆ ಇಳಿದಿದ್ದರೆ ಹಲ್ಲನ್ನೇ ಕೀಳಬೇಕಾಗಬಹುದು. ಅಂಟಿದ ರಾಳದ ಅಂಚಿನಲ್ಲಿ ಹುಳುಕು ಕಂಡರೆ, ಅದನ್ನು ಹೊತ್ತಿಗೆ ಸರಿಯಾಗಿ ನೋಡಿದ್ದೇ ಆದರೆ, ಅಷ್ಟನ್ನು ಕೊರೆದು ಹೊಸ ಪದರ ಅಂಟಿಸಿ ಉಳಿಸಿಕೊಳ್ಳಬಹುದು. ನ್ಯೂ ಇಂಗ್ಲೆಂಡಿನಲ್ಲಿ ಏಳು ಪಟ್ಟು ದುರಸ್ತಿಯಾಯಿತೆಂಬುದು ಕಾಂಪೋಸಿಟ್ಟಿನ ದೌರ್ಬಲ್ಯವನ್ನು ಹೇಳುತ್ತದೆಂಬುದು ಸರಿ. ಅದು ದುರಸ್ತಿಗೆ ಒದಗುವ ದ್ರವ್ಯವೆಂಬುದನ್ನೂ ಹೇಳುತ್ತದೆ. ‘ಹೊತ್ತಿಗೆ ಸರಿಯಾಗಿ ನೋಡಿದ್ದೇ ಆದರೆ’ ಎಂಬ ಷರತ್ತು ಮಾತ್ರ ಸಣ್ಣದಲ್ಲ. ಆರು ತಿಂಗಳಿಗೊಮ್ಮೆ ಬರುವ ರೋಗಿಗೆ ಅದು ಷರತ್ತೇ ಅಲ್ಲ. ನೋವು ಬಂದಾಗ ಮಾತ್ರ ಬರುವ ರೋಗಿಗೆ ಅದು ಹಲ್ಲು ಉಳಿಯುವ ಹೋಗುವ ಮಾತು.

ಬೇರುನಾಳ ಚಿಕಿತ್ಸೆಯಾದ ಹಲ್ಲಿಗೆ ಕ್ಯಾಪ್ ಬೇಕೇ, ಕಾಂಪೋಸಿಟ್ ಸಾಕೇ ಎಂಬ ಚರ್ಚೆಯಲ್ಲಿಯೂ ಇದೇ ಬಗೆಯ ಆತುರ ಕಾಣುತ್ತದೆ. 2002ರಲ್ಲಿ ಮನ್ನೊಕ್ಕಿ ಮತ್ತು ಸಂಗಡಿಗರು ನಾರಿನ ಕಂಬವಿಟ್ಟು ಕಾಂಪೋಸಿಟ್ ತುಂಬಿದ ಹಲ್ಲುಗಳೂ ಪೂರ್ತಿ ಕ್ಯಾಪ್ ತೊಡಿಸಿದ ಹಲ್ಲುಗಳೂ ಮೂರು ವರ್ಷಗಳಲ್ಲಿ ಸಮಾನವಾಗಿ ಉಳಿದುವೆಂದು ವರದಿ ಮಾಡಿದರು. ಕ್ಯಾಪ್ ಅನಾವಶ್ಯಕವೆಂಬುದಕ್ಕೆ ಇದನ್ನು ಆಧಾರವಾಗಿ ಕೊಡುವವರುಂಟು. ಆದರೆ ಆ ಹಲ್ಲುಗಳು ದೊಡ್ಡ ದವಡೆ ಹಲ್ಲುಗಳಲ್ಲ, ಅವುಗಳ ಮುಂದಿನ ಚಿಕ್ಕ ದವಡೆ ಹಲ್ಲುಗಳು. ಅವುಗಳ ದಿಬ್ಬಗಳು ಉಳಿದಿದ್ದುವು. ಅವಧಿ ಮೂರೇ ವರ್ಷ. ಬಹಳ ಹಾಳಾದ ದೊಡ್ಡ ದವಡೆ ಹಲ್ಲಿಗೆ ಆ ತೀರ್ಮಾನವನ್ನು ಹಿಗ್ಗಿಸುವುದು ಸಲ್ಲದು. ದಿಬ್ಬಗಳು ತೆಳುವಾದಲ್ಲಿ ಅವನ್ನು ತಗ್ಗಿಸಿ ಮೇಲಿನಿಂದ ಮುಚ್ಚಬೇಕೆಂಬ ಹಳೆಯ ನಿಯಮ ಕಾಂಪೋಸಿಟ್ಟಿನ ಕಾಲದಲ್ಲಿಯೂ ಬಿದ್ದುಹೋಗಿಲ್ಲ. ಮುಚ್ಚುವ ದ್ರವ್ಯ ಲೋಹವೋ ಪಿಂಗಾಣಿಯೋ ಕಾಂಪೋಸಿಟ್ಟೋ ಎಂಬುದು ಎರಡನೆಯ ಮಾತು.

6

ಈ ಚರ್ಚೆ ಕೇವಲ ಪಾಂಡಿತ್ಯದ ಚರ್ಚೆಯಾಗಿ ಉಳಿದಿಲ್ಲ. ಪಾದರಸದ ಬಳಕೆಯನ್ನು ತಗ್ಗಿಸುವುದಕ್ಕಾಗಿ 2013ರಲ್ಲಿ ಅಂಗೀಕೃತವಾದ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. ಭಾರತ 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಹದಿನೈದು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಎದೆಹಾಲೂಡಿಸುವ ತಾಯಂದಿರಿಗೂ ಅಮಾಲ್ಗಮ್ ಬಳಸದಂತೆ 2022ರಲ್ಲಿ ಸದಸ್ಯ ರಾಷ್ಟ್ರಗಳು ಅದಕ್ಕೆ ತಿದ್ದುಪಡಿ ಮಾಡಿದುವು. ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ಅಮಾಲ್ಗಮ್ಮಿನ ಸಾಮಾನ್ಯ ಬಳಕೆಯನ್ನು ನಿಲ್ಲಿಸಿದೆ. 2025ರ ನವೆಂಬರಿನಲ್ಲಿ ಜಿನೀವದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು 2034ರ ವೇಳೆಗೆ ಅದನ್ನು ಪೂರ್ತಿಯಾಗಿ ಕೈಬಿಡಲು ಒಪ್ಪಿವೆ.

ಪಾದರಸ ನದಿ ಕೆರೆ ಕಡಲುಗಳನ್ನು ಸೇರಿ ಮಾಡುವ ಹಾನಿಯನ್ನು ನೆನೆದರೆ ಈ ನಿರ್ಣಯ ಯುಕ್ತವೆಂದೇ ಹೇಳಬೇಕು. ನಮ್ಮ ಆಕ್ಷೇಪ ನಿರ್ಣಯಕ್ಕಲ್ಲ, ಅದರಿಂದ ಕೆಲವರು ತೆಗೆಯುವ ಅನುಮಾನಕ್ಕೆ. ಪರಿಸರದ ಕಾರಣಕ್ಕಾಗಿ ಒಂದು ದ್ರವ್ಯ ಹೋದರೆ, ಅದರ ಬದಲಿಗೆ ಬಂದುದು ಚಿಕಿತ್ಸೆಯಲ್ಲಿಯೂ ಅದಕ್ಕೆ ಸಮವೆಂದು ತಾನಾಗಿ ಸಿದ್ಧವಾಗುವುದಿಲ್ಲ. ಅಮಾಲ್ಗಮ್ ಒರಟು ದ್ರವ್ಯ; ತುಸು ಒದ್ದೆಯನ್ನೂ, ತುಸು ಆತುರವನ್ನೂ, ತುಸು ಅನನುಭವವನ್ನೂ ಅದು ಸಹಿಸಿಕೊಳ್ಳುತ್ತಿತ್ತು; ಅದರ ತುಕ್ಕೇ ಅಂಚಿನ ಸಂದನ್ನು ಕ್ರಮೇಣ ಮುಚ್ಚುತ್ತಿತ್ತು. ಕಾಂಪೋಸಿಟ್ ಇವಾವುದನ್ನೂ ಸಹಿಸದು. ಒಂದು ದ್ರವ್ಯದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಡಬ್ಬಿ ಬದಲಾಯಿಸುವುದಲ್ಲ; ಹೊತ್ತು, ಸಲಕರಣೆ, ಶಿಕ್ಷಣ ಮೂರನ್ನೂ ಬದಲಾಯಿಸುವುದು. ಇವು ಮೂರೂ ಬದಲಾಗದೆ ದ್ರವ್ಯ ಮಾತ್ರ ಬದಲಾದ ಕಡೆ ಅದರ ಬೆಲೆಯನ್ನು ತೆರುವವರು, ಒಂದೇ ಬೆಳಿಗ್ಗೆ ಹತ್ತಾರು ಮಂದಿ ಸಾಲುಗಟ್ಟಿ ನಿಲ್ಲುವ ಹೊರರೋಗಿ ವಿಭಾಗದ ಬಡವರು.

7

ಹಾಗಾದರೆ ವಿದ್ಯಾರ್ಥಿಗೆ ಏನನ್ನು ಕಲಿಸಬೇಕು? ಮೇಲಿನ ವಿಚಾರದಿಂದ ಹೊರಡುವ ಕೆಲವು ಸೂತ್ರಗಳನ್ನು ಇಲ್ಲಿ ಕೂಡಿಸುತ್ತೇವೆ.

ಮೊದಲನೆಯದು, ಹುಳುಕಿನ ರೋಗಕ್ಕೆ ಮೊದಲು ಚಿಕಿತ್ಸೆ, ಕುಳಿಗೆ ಆಮೇಲೆ. ಬಾಯಿಯ ಸ್ಥಿತಿ ತಿದ್ದದೆ ಇಟ್ಟ ದೊಡ್ಡ ಕಾಂಪೋಸಿಟ್ ಅಂಚಿನಿಂದ ಕೆಡಲು ಆರಂಭಿಸುತ್ತದೆ. ರೋಗ ಹತೋಟಿಗೆ ಬರುವವರೆಗೆ ಫ್ಲೋರೈಡನ್ನು ಹೊರಸೂಸುವ ಗ್ಲಾಸ್ ಅಯೊನೊಮರಿನಿಂದ ಕುಳಿಯನ್ನು ಮುಚ್ಚಿಟ್ಟು ಕಾಯುವುದು ಹಿನ್ನಡೆಯಲ್ಲ, ವಿವೇಕ.

ಎರಡನೆಯದು, ಅಂಚನ್ನು ನೋಡಿ ದ್ರವ್ಯವನ್ನು ಆರಿಸಬೇಕು. ಸುತ್ತಲೂ ಎನಾಮೆಲ್ ಉಳಿದಿದ್ದರೆ ಕುಳಿ ದೊಡ್ಡದಾದರೂ ಕಾಂಪೋಸಿಟ್ಟಿಗೆ ಹೆದರಬೇಕಾಗಿಲ್ಲ. ಅಂಚು ವಸಡಿನ ಕೆಳಗಿಳಿದು ಡೆಂಟೀನಿನಲ್ಲಿ ನಿಂತಿದ್ದರೆ, ಅದನ್ನು ಒಣಗಿಸಿಟ್ಟುಕೊಳ್ಳಬಲ್ಲೆವೇ ಎಂಬುದೇ ನಿರ್ಣಾಯಕ. 1864ರಲ್ಲಿ ಬಾರ್ನಮ್ ಬಳಕೆಗೆ ತಂದ ರಬ್ಬರ್ ಡ್ಯಾಮ್ ಕಾಂಪೋಸಿಟ್ಟಿನ ಕಾಲದಲ್ಲಿ ಐಚ್ಛಿಕ ಅಲಂಕಾರವಲ್ಲ, ಕೆಲಸದ ಮೊದಲ ಮೆಟ್ಟಿಲು. ಆಳದ ಅಂಚನ್ನು ಕಾಂಪೋಸಿಟ್ಟಿನಿಂದಲೇ ಮೊದಲು ಎತ್ತರಿಸಿಕೊಂಡು ಮೇಲಿನ ಭಾಗವನ್ನು ಕಟ್ಟುವ ಕ್ರಮವನ್ನು 1998ರಲ್ಲಿ ಡೀಟ್ಶಿ ಮತ್ತು ಸ್ಪ್ರಿಯಾಫಿಕೊ ಸೂಚಿಸಿದರು. ಅದೂ ಅಂಚು ಒಣಗಿದ್ದಾಗ ಮಾತ್ರ ಸಾಧ್ಯ. ಒಣಗದ ಅಂಚಿನ ಮೇಲೆ ಎಷ್ಟು ಬೆಲೆಯ ಅಂಟು ಹಚ್ಚಿದರೂ ವ್ಯರ್ಥ.

ಮೂರನೆಯದು, ದಿಬ್ಬವನ್ನು ಅಳೆಯಬೇಕು, ಊಹಿಸಬಾರದು. ಸುಮಾರು 2 ಮಿಲಿಮೀಟರಿಗಿಂತ ತೆಳುವಾಗಿ ಆಸರೆಯಿಲ್ಲದೆ ನಿಂತ ದಿಬ್ಬವನ್ನು, ವಿಶೇಷವಾಗಿ ಬೇರುನಾಳ ಚಿಕಿತ್ಸೆಯಾದ ಹಲ್ಲಿನಲ್ಲಿ, ಹಾಗೆಯೇ ಬಿಡುವುದು ಮುರಿತಕ್ಕೆ ಆಹ್ವಾನ.

ನಾಲ್ಕನೆಯದು, ತುಂಬಿಕೆ ಮುಗಿದ ದಿನ ಚಿಕಿತ್ಸೆ ಮುಗಿಯಲಿಲ್ಲವೆಂದು ರೋಗಿಗೆ ತಿಳಿಯಹೇಳಬೇಕು. ದುರಸ್ತಿಗೆ ಒದಗುವ ದ್ರವ್ಯದ ಗುಣ, ದುರಸ್ತಿಗೆ ಬರುವ ರೋಗಿಗೆ ಮಾತ್ರ ದಕ್ಕುತ್ತದೆ. ಆತ ಬರಲಾರದವನಾದರೆ, ಬರದೆ ಇದ್ದರೂ ಕೆಟ್ಟು ಕೂಡದಂಥ ಚಿಕಿತ್ಸೆಯನ್ನು ಯೋಚಿಸುವುದು ವೈದ್ಯನ ಕರ್ತವ್ಯ.

ಸಂಶೋಧಕರಿಗೂ ಒಂದು ಮಾತು. ತುಂಬಿಕೆ ಎಷ್ಟು ವರ್ಷ ಉಳಿಯಿತೆಂಬ ಲೆಕ್ಕದ ಜೊತೆಗೆ ಹಲ್ಲು ಎಷ್ಟು ವರ್ಷ ಉಳಿಯಿತೆಂಬ ಲೆಕ್ಕವನ್ನೂ, ಸೋತ ತುಂಬಿಕೆಯ ಅಡಿಯಲ್ಲಿ ಮತ್ತೆ ಕಟ್ಟಲು ಎಷ್ಟು ಹಲ್ಲು ಮಿಕ್ಕಿತೆಂಬ ವಿವರವನ್ನೂ ಅವರು ಕೊಡಬೇಕು. ತಪಾಸಣೆಗೆ ತಪ್ಪದೆ ಬರುವವರ ಬಾಯಿಯಿಂದ ತೆಗೆದ ಅಂಕಿಯನ್ನು, ನೋವಿಗಾಗಿ ಮಾತ್ರ ಬರುವವರ ಬಾಯಿಗೆ ಅನ್ವಯಿಸುವ ಮುನ್ನ ಇಮ್ಮಡಿ ಎಚ್ಚರ ವಹಿಸಬೇಕು.

ಬ್ಲ್ಯಾಕರ ಕಾಲದ ವೈದ್ಯ ದ್ರವ್ಯವನ್ನು ನಿಲ್ಲಿಸುವುದಕ್ಕಾಗಿ ಹಲ್ಲನ್ನು ಕೊರೆದ. ಇಂದಿನವನಿಗೆ ಹಲ್ಲನ್ನು ನಿಲ್ಲಿಸುವ ದ್ರವ್ಯ ದೊರೆತಿದೆ. ಅದರಿಂದ ಸಾಲ ತೀರಿತೆಂದು ತಿಳಿಯುವಂತಿಲ್ಲ. ಹಿಂದೆ ಹಲ್ಲು ತೆರುತ್ತಿದ್ದ ಬೆಲೆಯನ್ನು ಈಗ ವೈದ್ಯ ತನ್ನ ಹೊತ್ತಿನಿಂದ, ತಾಳ್ಮೆಯಿಂದ ತೆರಬೇಕಾಗಿದೆ. ತೆರಲು ಸಿದ್ಧನಾದವನ ಕೈಯಲ್ಲಿ ಕಾಂಪೋಸಿಟ್ ಹಿಂದೆ ಕಿತ್ತೆಸೆಯುತ್ತಿದ್ದ ಎಷ್ಟೋ ದವಡೆ ಹಲ್ಲುಗಳನ್ನು ಉಳಿಸಬಲ್ಲುದು. ಸಿದ್ಧನಲ್ಲದವನ ಕೈಯಲ್ಲಿ ಅದು ಹುಳುಕನ್ನು ಹಲ್ಲಿನ ಬಣ್ಣದಿಂದ ಮರೆಮಾಡುವ ಮುಚ್ಚಳ ಮಾತ್ರ.